ಪಲ್ಸೇಟರ್ ಬಿಚ್ಚಿ ತೊಳೆಯುವುದು: ವಾಷಿಂಗ್ ಮಷೀನಿನ ವಾಸನೆ, ಕಪ್ಪು ಚೂರು, ಕಟಕಟ ಸದ್ದಿಗೆ ಮನೆಯಲ್ಲೇ ಪರಿಹಾರ

ಒಣಗಿದ ಮೇಲೂ ಬಟ್ಟೆಯಲ್ಲಿ ಮುಗ್ಗಲು ವಾಸನೆ. ಬಿಳಿ ಬನಿಯನ್ ಮೇಲೆ ಕಪ್ಪು ಕಪ್ಪು ಚೂರು. ಒಗೆಯುವಾಗ ತಳದಿಂದ ಕಟಕಟ ಸದ್ದು. ಇವುಗಳಲ್ಲಿ ಯಾವುದು ಶುರುವಾದರೂ ಮನೆಯಲ್ಲಿ ಮೊದಲು ಬೈಗುಳ ತಿನ್ನುವುದು ಸೋಪಿನ ಪುಡಿ. ಪುಡಿ ಬದಲಾಗುತ್ತದೆ. ಆಮೇಲೆ ಪರಿಮಳದ ಕಂಡೀಷನರ್ ಇನ್ನೊಂದು ಮುಚ್ಚಳ ಜಾಸ್ತಿ ಬೀಳುತ್ತದೆ. ವಾಸನೆ ಸ್ವಲ್ಪ ದಿನ ಅಡಗಿರುತ್ತದೆ, ಮತ್ತೆ ಬರುತ್ತದೆ, ಈ ಸಲ ಮಲ್ಲಿಗೆ ಪರಿಮಳ ಬೆರೆಸಿಕೊಂಡು.

ನಿಮ್ಮದು ಮೇಲಿಂದ ಬಟ್ಟೆ ಹಾಕುವ ಮಷೀನ್ ಆಗಿದ್ದರೆ ಪುಡಿಯನ್ನು ಬಿಟ್ಟು ಡ್ರಮ್ಮಿನ ತಳ ನೋಡಿ. ಅಲ್ಲಿ ಎಡಕ್ಕೂ ಬಲಕ್ಕೂ ತಿರುಗುವ ಪ್ಲಾಸ್ಟಿಕ್ ತಟ್ಟೆ ಇದೆಯಲ್ಲ, ಅದೇ ಪಲ್ಸೇಟರ್. ಅದರ ಮೇಲ್ಭಾಗ ಪ್ರತಿ ಸಲ ಬಟ್ಟೆಗೆ ಉಜ್ಜಿ ಫಳಫಳ ಹೊಳೆಯುತ್ತಿರುತ್ತದೆ. ಕೆಳಭಾಗವನ್ನು ಮಷೀನ್ ತಂದ ದಿನದಿಂದ ಯಾರೂ ನೋಡಿರುವುದಿಲ್ಲ. ಮೇಲೆ ಹೇಳಿದ ಮೂರೂ ದೂರುಗಳಿಗೆ ಕಾರಣ ಹೆಚ್ಚಾಗಿ ಅಲ್ಲೇ ಕೂತಿರುತ್ತದೆ. ಬಿಚ್ಚಬೇಕಾದದ್ದು ಸಾಮಾನ್ಯವಾಗಿ ಒಂದೇ ಒಂದು ಸ್ಕ್ರೂ. ಕಷ್ಟ ಇರುವುದು ಸ್ಕ್ರೂ ಬಿಚ್ಚಿದ ಮೇಲೆ ತಟ್ಟೆಯನ್ನು ಮೇಲೆತ್ತುವುದರಲ್ಲಿ. ಹಾಗಾಗಿ ಆ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ.

ಇದು ಟಾಪ್ ಲೋಡ್ ಫುಲ್ಲಿ ಆಟೊಮ್ಯಾಟಿಕ್ ಮತ್ತು ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಮಷೀನುಗಳಿಗೆ ಮಾತ್ರ. ಫ್ರಂಟ್ ಲೋಡಿನಲ್ಲಿ ಪಲ್ಸೇಟರ್ ಇರುವುದೇ ಇಲ್ಲ. ಅಲ್ಲಿ ವಾಸನೆ ಬಂದರೆ ಬಾಗಿಲಿನ ರಬ್ಬರಿನ ಮಡಿಕೆ ಮತ್ತು ಕೆಳಗಿನ ಫಿಲ್ಟರ್ ನೋಡಬೇಕು, ಆ ಕತೆ ಬೇರೆ. ಇನ್ನೊಂದು ಮಾತು: ಮಷೀನ್ ಇನ್ನೂ ವಾರಂಟಿಯಲ್ಲಿದ್ದರೆ ಕೈ ಹಾಕಬೇಡಿ. ಕಂಪನಿಯವರನ್ನೇ ಕರೆಸಿ, ಅವರು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಬಿಚ್ಚುವ ಮೊದಲು ಕೈಯಲ್ಲೇ ಪರೀಕ್ಷೆ

ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಪಕ್ಕಕ್ಕಿಡಿ. ಡ್ರಮ್ ಖಾಲಿ ಇರಲಿ. ಈಗ ಕೈ ಒಳಗೆ ಬಿಟ್ಟು ಪಲ್ಸೇಟರನ್ನು ನಿಧಾನಕ್ಕೆ ಎರಡೂ ಕಡೆ ತಿರುಗಿಸಿ.

ಸರಿಯಾಗಿರುವ ಪಲ್ಸೇಟರ್ ಕೈಗೆ ಸ್ವಲ್ಪ ಭಾರವಾಗಿ, ಒಂದೇ ಸಮನಾಗಿ ತಿರುಗುತ್ತದೆ. ಬೆಲ್ಟ್ ಇರುವ ಮಷೀನ್ ಆದರೆ ಕೆಳಗೆ ಬೆಲ್ಟ್ ಎಳೆದುಕೊಳ್ಳುವುದೂ ಕೈಗೆ ಗೊತ್ತಾಗುತ್ತದೆ. ಒಂದು ಜಾಗದಲ್ಲಿ ಮಾತ್ರ ಕರಕರ ಅಂದು ಮುಂದೆ ಹೋದರೆ ಕೆಳಗೆ ಏನೋ ಸಿಕ್ಕಿಕೊಂಡಿದೆ. ಸುತ್ತಿನ ಉದ್ದಕ್ಕೂ ಬಿಗಿಯಾಗಿದ್ದರೆ ದಾರವೋ ಲಾಡಿಯೋ ಶಾಫ್ಟಿಗೆ, ಅಂದರೆ ತಟ್ಟೆಯನ್ನು ತಿರುಗಿಸುವ ನಡುವಿನ ಲೋಹದ ದಂಡಕ್ಕೆ, ಸುತ್ತಿಕೊಂಡಿರಬಹುದು. ಏನೂ ತಡೆಯಿಲ್ಲದೆ ಗಿರ್ರನೆ ತಿರುಗಿದರೆ, ಒಂದೋ ಶಾಫ್ಟನ್ನು ಕಚ್ಚಿ ಹಿಡಿಯುವ ತಟ್ಟೆಯ ನಡುವಿನ ಹಲ್ಲು ಸವೆದಿದೆ, ಇಲ್ಲವೋ ಬೆಲ್ಟ್ ಕಳಚಿದೆ.

ಆಮೇಲೆ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಇದ್ದರೆ ಪರವಾಗಿಲ್ಲ. ಟಕ್ ಟಕ್ ಅಂತ ಬಡಿದರೆ ಸ್ಕ್ರೂ ಸಡಿಲವಾಗಿದೆ. ಬಟ್ಟೆಯ ತುದಿ ತಟ್ಟೆಯ ಕೆಳಗೆ ಸಿಕ್ಕಿ ಹರಿಯುತ್ತಿದೆ ಅನ್ನುವ ದೂರಿಗೂ ಬಹಳ ಸಲ ಇದೇ ಕಾರಣ. ಸಡಿಲವಾದ ತಟ್ಟೆ ಏಳುತ್ತದೆ, ಅಂಚಿನ ಸಂದಿ ಅಗಲವಾಗುತ್ತದೆ, ಕರ್ಚೀಫು, ಮಕ್ಕಳ ಕಾಲುಚೀಲ ಅದರೊಳಗೆ ನುಗ್ಗುತ್ತವೆ. ಅಂಚಿನ ಸುತ್ತ ಬೆರಳೂ ಆಡಿಸಿ ನೋಡಿ. ಪ್ಲಾಸ್ಟಿಕ್ ಒಡೆದು ಚೂಪಾಗಿದ್ದರೆ ಬಟ್ಟೆ ಹರಿಯುವುದು ಅದರಿಂದಲೇ. ಅದನ್ನು ತೊಳೆದರೆ ಸರಿಹೋಗುವುದಿಲ್ಲ, ತಟ್ಟೆಯನ್ನೇ ಬದಲಿಸಬೇಕು.

ವಾಸನೆಗೆ ಸುಲಭದ ಪರೀಕ್ಷೆ ಒಂದಿದೆ. ಪಲ್ಸೇಟರಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರೊಳಗೆ ಬಿಟ್ಟು ಕೆಳಮೈಗೆ ತಾಗಿಸಿ ಒಂದು ಸಲ ಎಳೆಯಿರಿ. ಹತ್ತಿ ಕಂದು ಬಣ್ಣಕ್ಕೆ ತಿರುಗಿ ಲೋಳೆ ಅಂಟಿಕೊಂಡು ಬಂದರೆ ಇನ್ನೇನು ಯೋಚನೆ ಮಾಡುವುದು ಬೇಡ, ಬಿಚ್ಚಿ.

ಸದ್ದಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಅದು ಯಾವಾಗ ಬರುತ್ತದೆ ಅನ್ನುವುದೇ ಮುಖ್ಯ. ಒಗೆಯುವಾಗ ಮಾತ್ರ ಕಟಕಟ ಅಂದರೆ ಪಲ್ಸೇಟರಿನ ಕೆಳಗೆ ನೋಡಿ. ಹಿಂಡುವಾಗ, ಅಂದರೆ ಸ್ಪಿನ್ನಿನಲ್ಲಿ ಮಾತ್ರ, ವಿಮಾನ ಹಾರಿದ ಹಾಗೆ ಗುಯ್ಯೆಂದು ಮೊರೆದು, ವೇಗ ಏರಿದಂತೆ ಸದ್ದೂ ಏರಿದರೆ ಅದು ಬೇರಿಂಗ್. ಡ್ರಮ್ ಧಡಧಡ ಗೋಡೆಗೆ ಬಡಿದರೆ ಬಟ್ಟೆ ಒಂದೇ ಕಡೆ ಸೇರಿದೆ, ಇಲ್ಲವೇ ಡ್ರಮ್ಮನ್ನು ತೂಗಿ ಹಿಡಿದಿರುವ ಸಸ್ಪೆನ್ಷನ್ ಕಂಬಿ ಸೋತಿದೆ. ಈ ಎರಡಕ್ಕೂ ಪಲ್ಸೇಟರ್ ಬಿಚ್ಚಿ ಪ್ರಯೋಜನವಿಲ್ಲ. ಸೆಮಿ ಆಟೊಮ್ಯಾಟಿಕ್‌ನಲ್ಲಂತೂ ಹಿಂಡುವ ತೊಟ್ಟಿಯೇ ಬೇರೆ, ಅದರ ಸದ್ದಿಗೂ ಪಲ್ಸೇಟರಿಗೂ ಸಂಬಂಧವೇ ಇಲ್ಲ.

ಮೋಟಾರ್ ಗುಂಯ್ ಅನ್ನುತ್ತದೆ, ಬಟ್ಟೆ ಅಲ್ಲಾಡುವುದಿಲ್ಲ ಅನ್ನುವವರು ಬಟ್ಟೆಯನ್ನೆಲ್ಲ ತೆಗೆದು ಬರೀ ನೀರಿನಲ್ಲಿ ಓಡಿಸಿ ನೋಡಿ. ಖಾಲಿ ಇದ್ದಾಗ ತಿರುಗಿ, ಬಟ್ಟೆ ಹಾಕಿದರೆ ನಿಂತರೆ, ತಟ್ಟೆಯ ಹಲ್ಲು ಜಾರುತ್ತಿರಬಹುದು ಅಥವಾ ಬೆಲ್ಟ್ ಸಡಿಲವಾಗಿರಬಹುದು. ಯಾವುದು ಅಂತ ತಟ್ಟೆ ತೆಗೆದ ಕೂಡಲೇ ಗೊತ್ತಾಗುತ್ತದೆ.

ಏನೇನು ಬೇಕು

ದೊಡ್ಡ ತಲೆಯ ಸ್ಟಾರ್ ಸ್ಕ್ರೂಡ್ರೈವರ್. ಸ್ಕ್ರೂ ಬದಲು ಆರು ಮೂಲೆಯ ಬೋಲ್ಟ್ ಇದ್ದರೆ ಟೀ ಹಿಡಿಯ ಬಾಕ್ಸ್ ಸ್ಪ್ಯಾನರ್, ಹೆಚ್ಚಾಗಿ 10 ಮಿಲಿಮೀಟರಿನದು ಹೊಂದುತ್ತದೆ. ಟಾರ್ಚ್, ಗಟ್ಟಿ ತಂತಿ, ಹಳೆ ಹಲ್ಲುಜ್ಜುವ ಬ್ರಷ್, ಪಾತ್ರೆ ಉಜ್ಜುವ ನೈಲಾನ್ ಬ್ರಷ್, ಒಂದು ಅಯಸ್ಕಾಂತ, ರಬ್ಬರ್ ಗ್ಲೌಸ್. ತಂತಿಗೆ ಹಳೇ ಬಟ್ಟೆ ಹ್ಯಾಂಗರ್ ಕತ್ತರಿಸಿದರೂ ನಡೆಯುತ್ತದೆ.

ಮುಖ್ಯವಾದದ್ದು ಬಿಸಿನೀರು. ಪರೀಕ್ಷೆಗೆಂದು ಕಿತ್ತ ಪ್ಲಗ್ಗನ್ನು ಮತ್ತೆ ಹಾಕಿ ಈ ಕೆಲಸ ಮುಗಿಸಿ. ಗೀಸರಿನಿಂದ ಒಂದೆರಡು ಬಕೆಟ್ ಬಿಸಿನೀರು ತಂದು ಪಲ್ಸೇಟರ್ ಮುಳುಗುವಷ್ಟು ಸುರಿಯಿರಿ. ಕುದಿಯುವ ನೀರು ಬೇಡ, ಸುಮಾರು 50 ಡಿಗ್ರಿ ಸಾಕು, ಅಂದರೆ ಕೈ ಇಟ್ಟ ತಕ್ಷಣ ಹಿಂದಕ್ಕೆ ಎಳೆದುಕೊಳ್ಳುವಷ್ಟು. ಅರ್ಧ ಗಂಟೆ ಬಿಟ್ಟು ಮಷೀನಿನಿಂದಲೇ ನೀರು ಹೊರಹಾಕಿಸಿ. ಇದರಿಂದ ಕೆಳಗಿನ ಅಂಟು ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಲೋಹಕ್ಕಿಂತ ಜಾಸ್ತಿ ಹಿಗ್ಗುವುದರಿಂದ ಶಾಫ್ಟಿನ ಮೇಲಿನ ಹಿಡಿತವೂ ಸ್ವಲ್ಪ ಸಡಿಲವಾಗುತ್ತದೆ. ಆಮೇಲೆ ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ. ನೆಲ ಒದ್ದೆಯಾಗಿದ್ದರೆ ಒರೆಸಿಕೊಳ್ಳಿ.

ಸ್ಕ್ರೂ

ಪಲ್ಸೇಟರಿನ ನಟ್ಟನಡುವೆ ಸ್ಕ್ರೂ ಕಾಣುತ್ತದೆ. ಕಾಣದಿದ್ದರೆ ಅದರ ಮೇಲೆ ಬಿಲ್ಲೆಯಂಥ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದರ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ, ಅಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಮೇಲೆಬ್ಬಿಸಿ.

ಸ್ಕ್ರೂವಿನ ತಲೆಯ ಕೊರಕಲಿನೊಳಗೆ ಸೋಪಿನ ಗಸಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಗುಂಡುಸೂಜಿಯಿಂದ ಪೂರ್ತಿ ಕೆರೆದು ತೆಗೆಯದೆ ಸ್ಕ್ರೂಡ್ರೈವರ್ ಹಾಕಬೇಡಿ. ಗಸಿಯ ಮೇಲೆ ಹಾಕಿ ತಿರುಗಿಸಿದರೆ ತುದಿ ಜಾರುತ್ತದೆ, ತಲೆ ಸವೆಯುತ್ತದೆ. ಸವೆದ ಸ್ಕ್ರೂ ತೆಗೆಯುವುದಕ್ಕೆ ಆಮೇಲೆ ಡ್ರಿಲ್ಲೇ ಬೇಕು. ತೆಳ್ಳಗಿನ ಸ್ಕ್ರೂಡ್ರೈವರ್ ಕೂಡ ಬೇಡ. ತಲೆಗೆ ತುಂಬಿ ಕೂರುವಂಥದ್ದೇ ಬೇಕು.

ತಿರುಗಿಸಲು ಹೋದರೆ ಪಲ್ಸೇಟರೂ ಜೊತೆಗೇ ತಿರುಗುತ್ತದೆ. ಹಳೆ ಟವೆಲನ್ನು ಮಡಿಸಿ ತಟ್ಟೆಯ ಮೇಲಿನ ಉಬ್ಬಿಗೂ ಡ್ರಮ್ಮಿಗೂ ನಡುವೆ ತುರುಕಿ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ. ಸ್ಕ್ರೂಡ್ರೈವರನ್ನು ಮೈಭಾರ ಹಾಕಿ ಒತ್ತಿ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಬರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಎರಡು ಹನಿ ಹಾಕಿ ಒಂದು ಕಾಫಿ ಕುಡಿದು ಬನ್ನಿ. ಸ್ಕ್ರೂಡ್ರೈವರಿನ ಹಿಂದಕ್ಕೆ ಸುತ್ತಿಗೆಯಿಂದ ಒಂದು ಹಗುರ ಏಟು ಕೊಟ್ಟರೆ ಹಿಡಿದ ತುಕ್ಕು ಬಿಡುವುದುಂಟು. ಆದರೆ ಹಗುರ ಅಂದರೆ ಹಗುರ. ಶಾಫ್ಟಿನ ಕೆಳಗೆ ಗೇರ್‌ಬಾಕ್ಸ್ ಇದೆ, ಅಲ್ಲಿ ತೆಂಗಿನಕಾಯಿ ಒಡೆಯುವ ಏಟು ಬಿದ್ದರೆ ಸಾವಿರಗಟ್ಟಲೆ ಖರ್ಚು.

ಸ್ಕ್ರೂ ಬಂದ ಮೇಲೆ ಅದರ ಜೊತೆ ವಾಷರ್ ಇದೆಯಾ ನೋಡಿ, ಎರಡನ್ನೂ ಒಂದು ಬಟ್ಟಲಿಗೆ ಹಾಕಿಡಿ. ಡ್ರಮ್ಮಿನೊಳಗೇ ಬಿಟ್ಟರೆ ತಳದ ತೂತಿನಲ್ಲಿ ಇಳಿದು ಡ್ರಮ್ಮಿನ ಹೊರಗಿರುವ ನೀರಿನ ತೊಟ್ಟಿಗೆ, ಅಂದರೆ ಹೊರತೊಟ್ಟಿಗೆ ಹೋಗುತ್ತದೆ, ಅಲ್ಲಿಂದ ತೆಗೆಯುವುದು ದೊಡ್ಡ ಕೆಲಸ.

ತಟ್ಟೆ ಎತ್ತುವುದು

ಸ್ಕ್ರೂ ಬಂತು, ಇನ್ನು ಸುಲಭ ಅಂದುಕೊಳ್ಳುತ್ತೀರಿ. ತಟ್ಟೆ ಕದಲುವುದಿಲ್ಲ. ಹೊಸ ಮಷೀನಿನಲ್ಲಿ ಕೈಗೆ ಬಂದುಬಿಡುತ್ತದೆ. ವರ್ಷಗಟ್ಟಲೆ ಬೋರ್ ನೀರು ಕುಡಿದ ಮಷೀನಿನಲ್ಲಿ ಶಾಫ್ಟಿನ ಹಲ್ಲಿಗೂ ತಟ್ಟೆಯ ಹಲ್ಲಿಗೂ ನಡುವೆ ಸುಣ್ಣ ಕಟ್ಟಿ ಸಿಮೆಂಟಿನಂತೆ ಹಿಡಿದಿರುತ್ತದೆ.

ಇಲ್ಲೇ ಎಲ್ಲರೂ ಚಪ್ಪಟೆ ಸ್ಕ್ರೂಡ್ರೈವರ್ ಅಂಚಿಗೆ ಕೊಟ್ಟು ಮೀಟುವುದು. ದಯವಿಟ್ಟು ಬೇಡ. ಒಂದು ಕಡೆ ಮೀಟಿದರೆ ಇನ್ನೊಂದು ಕಡೆ ಶಾಫ್ಟಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಅಂಚು ಟಪ್ಪನೆ ಒಡೆಯುತ್ತದೆ. ಒಡೆದ ಅಂಚು ಮುಂದೆ ಸೀರೆಯನ್ನು ಹರಿಯುತ್ತದೆ. ಅದು ಮೇಲೆ ಬರಬೇಕಾದದ್ದು ನೇರವಾಗಿ, ಎರಡೂ ಕಡೆ ಸಮನಾದ ಎಳೆತದಲ್ಲಿ.

ತಂತಿಯನ್ನು ಎರಡು ತುಂಡು ಮಾಡಿ. ಪ್ರತಿಯೊಂದರ ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಸಣ್ಣ ಕೊಕ್ಕೆಯಾಗಿ ಬಗ್ಗಿಸಿ, ಇನ್ನೊಂದು ತುದಿಯನ್ನು ಹಿಡಿಕೆಯ ಹಾಗೆ ಸುತ್ತಿ. ಎದುರುಬದುರು ಇರುವ ಎರಡು ತೂತುಗಳಲ್ಲಿ ಕೊಕ್ಕೆ ಇಳಿಸಿ ಕೆಳಮೈಗೆ ಸಿಕ್ಕಿಸಿ. ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಎಳೆಯುತ್ತಲೇ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸಿ. ಬರಲಿಲ್ಲವೇ? ಕಾಲು ಸುತ್ತು ಜರುಗಿ ಬೇರೆ ಎರಡು ತೂತುಗಳಿಗೆ ಸಿಕ್ಕಿಸಿ ಮತ್ತೆ ಎಳೆಯಿರಿ. ತೂತು ತೀರಾ ಸಣ್ಣದಿದ್ದು ತಂತಿ ಹೋಗದಿದ್ದರೆ ಗಟ್ಟಿ ಹತ್ತಿಯ ಲಾಡಿ ತಗೊಳ್ಳಿ. ಅಂಚಿನ ಸಂದಿಯಲ್ಲಿ ಹಳೆ ಎಟಿಎಂ ಕಾರ್ಡಿನಿಂದ ಅದನ್ನು ಕೆಳಗೆ ತಳ್ಳುತ್ತಾ ಹೋಗಿ. ಎರಡು ಕಡೆ ಹೀಗೆ ಲಾಡಿ ಹಾಕಿ ನಾಲ್ಕೂ ತುದಿ ಒಟ್ಟು ಹಿಡಿದು ಎತ್ತಬಹುದು. ನಾನು ಇದನ್ನೇ ಜಾಸ್ತಿ ನಂಬುತ್ತೇನೆ, ಪ್ಲಾಸ್ಟಿಕ್ಕಿಗೆ ಗೀರು ಬೀಳುವುದಿಲ್ಲ.

ಆಗಲೂ ಬರದಿದ್ದರೆ ನಡುವಿನ ಸ್ಕ್ರೂ ತೂತಿನ ಸುತ್ತ ಬಿಸಿ ವಿನೆಗರ್ ಸುರಿದು ಒಂದು ಗಂಟೆ ಬಿಡಿ. ಸುಣ್ಣ ಕರಗಿದಂತೆ ಹಿಡಿತ ಬಿಡುತ್ತದೆ. ಅಷ್ಟಾದರೂ ಬರದಿದ್ದರೆ ರಾತ್ರಿ ಇನ್ನೊಂದು ಸಲ ಹಾಕಿ, ಬೆಳಗ್ಗೆ ಎಳೆಯಿರಿ. ಸಿಟ್ಟಿನಲ್ಲಿ ಎಳೆದರೆ ಅದು ಬಿಡುವಾಗ ಒಮ್ಮೆಲೇ ಬಿಟ್ಟು ಮೊಣಕೈ ಹೋಗಿ ಡ್ರಮ್ಮಿನ ಅಂಚಿಗೆ ಬಡಿಯುತ್ತದೆ. ಸ್ಟೀಲಿನ ಅಂಚು ಚರ್ಮ ಸೀಳುವಷ್ಟು ಚೂಪಾಗಿರುತ್ತದೆ.

ಕೆಳಗೆ ಕಂಡದ್ದನ್ನು ಓದಿಕೊಳ್ಳುವುದು

ತಟ್ಟೆ ಎದ್ದ ಕೂಡಲೇ ಉಜ್ಜುವುದಕ್ಕೆ ಹೋಗಬೇಡಿ. ಒಂದು ಫೋಟೊ ತೆಗೆದುಕೊಳ್ಳಿ, ಆಮೇಲೆ ಟಾರ್ಚ್ ಹಾಕಿ ಸಮಾಧಾನವಾಗಿ ನೋಡಿ. ಯಾವ ದೋಷಕ್ಕೆ ಯಾವುದು ಕಾರಣ ಅಂತ ಇಲ್ಲೇ ತಿಳಿಯುತ್ತದೆ.

ಬೆರಳಿನ ನಡುವೆ ತಿಕ್ಕಿದರೆ ಜಾರುವ ಕಂದು, ಕಪ್ಪು ಲೋಳೆ ಇದೆಯೇ? ಅದು ಕರಗದ ಸೋಪು, ಕಂಡೀಷನರಿನ ಜಿಡ್ಡು, ಬಟ್ಟೆಯ ಜುಂಗು, ಮೈಯ ಎಣ್ಣೆ ಎಲ್ಲ ಸೇರಿ, ಅದರ ಮೇಲೆ ಬೂಸು ಮತ್ತು ಬ್ಯಾಕ್ಟೀರಿಯಾ ಬೆಳೆದದ್ದು. ಬಟ್ಟೆಯ ಮೇಲೆ ಬೀಳುತ್ತಿದ್ದ ಕಪ್ಪು ಚೂರು ಇದರದೇ ಸಿಪ್ಪೆ. ಒಣಗಿದಾಗ ಸಿಪ್ಪೆ ಏಳುತ್ತದೆ, ನೀರು ಬಂದಾಗ ತೇಲುತ್ತದೆ, ಕೊನೆಗೆ ಬಿಳಿ ಬಟ್ಟೆ ಹುಡುಕಿಕೊಂಡು ಹೋಗಿ ಕೂರುತ್ತದೆ.

ಬೆಳ್ಳಗೆ ಮರಳಿನಂತೆ ಕೈಗೆ ಹತ್ತಿದರೆ ಅದು ಗಡಸು ನೀರಿನ ಸುಣ್ಣ. ಗೀಸರಿನ ಕಾಯಿಲ್ ಮೇಲೆ ಕಟ್ಟುವುದೂ ಇದೇ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು. ಬೆಂಗಳೂರಿನ ಹೊರಬಡಾವಣೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಒಗೆಯುವವರಿಗೆ ಈ ಸುಣ್ಣದ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಾವೇರಿ ನೀರು ಬರುವ ಮನೆಗಳಲ್ಲಿ ಇದು ಕಡಿಮೆ, ಲೋಳೆ ಜಾಸ್ತಿ.

ಬಟ್ಟೆಯ ಮೇಲೆ ಕೆಂಪು ಕಂದು ಕಲೆ ಬೀಳುತ್ತಿದ್ದರೆ ತುಕ್ಕು ಹಿಡಿದ ಪಿನ್ನು ಅಥವಾ ಕೊಂಡಿ ಹುಡುಕಿ. ಸಿಗದಿದ್ದರೆ ನೀರಿನಲ್ಲೇ ಕಬ್ಬಿಣ ಇರಬಹುದು. ಬಕೆಟ್ಟಿನಲ್ಲಿ ನೀರು ಹಿಡಿದು ರಾತ್ರಿ ಬಿಡಿ, ಬೆಳಗ್ಗೆ ತಳದಲ್ಲಿ ಕೆಂಪು ಗಸಿ ಕೂತಿದ್ದರೆ ತಪ್ಪು ಮಷೀನಿನದ್ದಲ್ಲ.

ಶಾಫ್ಟಿನ ಬುಡದ ಸುತ್ತ ಕರಿ ಎಣ್ಣೆಯೋ ಗ್ರೀಸೋ ಒಸರಿದ್ದರೆ ಕೈ ನಿಲ್ಲಿಸಿ. ಗೇರ್‌ಬಾಕ್ಸಿನ ಸೀಲ್ ಹೋಗಿದೆ ಅಂತ ಅರ್ಥ. ಒರೆಸಿದರೆ ಇವತ್ತು ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ.

ಇನ್ನು ಸಿಕ್ಕುವ ಸಾಮಾನುಗಳ ವಿಷಯ. ತುಮಕೂರಿನಲ್ಲಿ ನಮ್ಮತ್ತೆಯವರ ಸೆಮಿ ಆಟೊಮ್ಯಾಟಿಕ್ ಮಷೀನ್ ತಿರುಗಲಾರದೆ ಮುಲುಗುತ್ತಿತ್ತು. ತಟ್ಟೆ ಎತ್ತಿದರೆ ಶಾಫ್ಟಿಗೆ ಲಂಗದ ಲಾಡಿಯೊಂದು ಬುಗುರಿಗೆ ಚಾಟಿ ಸುತ್ತಿದ ಹಾಗೆ ಒತ್ತೊತ್ತಾಗಿ ಸುತ್ತಿಕೊಂಡು ಕೂತಿತ್ತು. ಅದರ ಮಡಿಕೆಯೊಳಗೆ ತಲೆಕೂದಲು, ಸೀರೆ ಫಾಲಿನ ದಾರ, ಒಂದು ಪ್ರೆಸ್ ಬಟನ್. ಬಿಚ್ಚುವುದಕ್ಕೆ ಆಗಲಿಲ್ಲ, ಬ್ಲೇಡಿನಲ್ಲಿ ಕೊಯ್ದು ಕೊಯ್ದು ತೆಗೆದದ್ದು. "ಈ ಲಾಡಿಗೇನಾ ಹೊಸ ಮಷೀನ್ ತರ್ಬೇಕು ಅಂತಿದ್ರಿ?" ಅಂದರು ಅತ್ತೆ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಇಂಥ ದಾರ ಬಿಟ್ಟರೆ ಅದು ಶಾಫ್ಟಿನ ಬುಡದ ರಬ್ಬರ್ ಸೀಲನ್ನು ಕೊರೆಯುತ್ತದೆ, ಮಷೀನಿನ ಕೆಳಗೆ ನೀರು ತೊಟ್ಟಿಕ್ಕುವುದಕ್ಕೆ ಶುರುವಾಗುತ್ತದೆ. ಕೊಯ್ಯುವಾಗ ಬ್ಲೇಡ್ ಸೀಲಿಗೆ ತಾಗದಂತೆ ಮೇಲ್ಮುಖವಾಗಿ ಕೊಯ್ಯಿರಿ.

ಸಣ್ಣ ಲೋಹದ ಸಾಮಾನಿಗೆ ಅಯಸ್ಕಾಂತ ಆಡಿಸಿ. ಪಿನ್ನು, ಹೇರ್‌ಪಿನ್ನು, ಈಗಿನ ಒಂದು, ಎರಡು ರೂಪಾಯಿ ನಾಣ್ಯ ಅಂಟಿಕೊಂಡು ಬರುತ್ತವೆ. ಹಿತ್ತಾಳೆ ಬಣ್ಣದ ಐದು ರೂಪಾಯಿ ಅಂಟುವುದಿಲ್ಲ, ಅದನ್ನು ಕಣ್ಣಿನಲ್ಲೇ ಹುಡುಕಬೇಕು. ಚಿನ್ನದ ಓಲೆಯ ತಿರುಪೂ ಅಂಟುವುದಿಲ್ಲ. ಆದ್ದರಿಂದ ಗಸಿಯನ್ನು ಕೆರೆದು ನೇರ ಮೋರಿಗೆ ಸುರಿಯುವ ಮೊದಲು ಜರಡಿಯಲ್ಲಿ ಒಮ್ಮೆ ಸೋಸಿ.

ಕೊನೆಗೆ ತಟ್ಟೆಯನ್ನು ತಿರುಗಿಸಿ ನಡುವಿನ ತೂತು ನೋಡಿ. ಒಳಗೆ ಸುತ್ತಲೂ ಹಲ್ಲುಗಳಿರುತ್ತವೆ. ಚೂಪಾಗಿ, ಒಂದೇ ಸಮನಾಗಿ ಇರಬೇಕು. ನುಣ್ಣಗೆ ಸವೆದು ತೂತು ಗುಂಡಗಾಗಿದ್ದರೆ ಮೋಟಾರ್ ತಿರುಗಿದರೂ ತಟ್ಟೆ ತಿರುಗುವುದಿಲ್ಲ. ಇದಕ್ಕೆ ಅಂಟು, ಎಂ-ಸೀಲ್ ಹಾಕಿ ಸರಿಮಾಡುತ್ತೇನೆ ಅನ್ನುವವರಿದ್ದಾರೆ. ಒಂದು ಒಗೆತಕ್ಕೂ ನಿಲ್ಲುವುದಿಲ್ಲ, ಮುಂದೆ ಶಾಫ್ಟಿನಿಂದ ಅದನ್ನು ಬಿಡಿಸುವುದೂ ಆಗುವುದಿಲ್ಲ. ಹೊಸ ತಟ್ಟೆಯೇ ತನ್ನಿ. ಶಾಫ್ಟಿನ ಲೋಹದ ಹಲ್ಲೇ ಸವೆದಿದ್ದರೆ ಮಾತ್ರ ರಿಪೇರಿಯವರ ಕೆಲಸ.

ತೊಳೆಯುವುದು

ಲೋಳೆಗೆ ಒಂದು ಮದ್ದು, ಸುಣ್ಣಕ್ಕೆ ಇನ್ನೊಂದು. ಎರಡನ್ನೂ ಒಟ್ಟಿಗೆ ಹಾಕಬಾರದು.

ಲೋಳೆಯನ್ನು ಮೊದಲು ಹಳೆ ಎಟಿಎಂ ಕಾರ್ಡಿನಿಂದ ಬಳಿದು ತೆಗೆಯಿರಿ. ಚಾಕು ಬೇಡ. ತಟ್ಟೆಯನ್ನು ಬಕೆಟ್ಟಿನ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ನೆನೆಸಿ, ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ. ಕೆಳಮೈಯಲ್ಲಿ ಗಟ್ಟಿಗೆಂದು ಜೇಡರ ಬಲೆಯಂತೆ ಪಟ್ಟಿಗಳಿರುತ್ತವೆ, ಅದರ ಮೂಲೆಮೂಲೆಗೂ ಹಲ್ಲಿನ ಬ್ರಷ್ ಹೋಗಬೇಕು. ಕೊಳೆ ಕೂರುವುದು ಆ ಮೂಲೆಗಳಲ್ಲೇ. ಡ್ರಮ್ಮಿನ ತಳವನ್ನೂ ಹಾಗೆಯೇ ಉಜ್ಜಿ, ಮಗ್ಗಿನಲ್ಲಿ ನೀರು ಹಾಕಿ ಸ್ಪಂಜಿನಲ್ಲಿ ಬಳಿದು ತೆಗೆಯಿರಿ. ಎಲ್ಲವನ್ನೂ ತೂತಿನೊಳಗೆ ತಳ್ಳಿದರೆ ಡ್ರೇನ್ ವಾಲ್ವಿನಲ್ಲಿ ಸಿಕ್ಕಿಕೊಂಡು ನೀರು ಹೋಗುವುದೇ ನಿಂತೀತು.

ಸುಣ್ಣಕ್ಕೆ ಸಿಟ್ರಿಕ್ ಆಮ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಹಾಕಿ, ಬಟ್ಟೆ ಅದ್ದಿ ಸುಣ್ಣದ ಮೇಲೆ ಹೊದಿಸಿಡಿ. ಗುಳ್ಳೆ ಏಳುತ್ತಾ ಕರಗುತ್ತದೆ. ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಬ್ರಷ್ಷಿಗೆ ಬರುತ್ತದೆ.

ಬೂಸು ಜಾಸ್ತಿ ಇದ್ದರೆ ಬ್ಲೀಚ್ ಬೇಕಾಗುತ್ತದೆ. ಆದರೆ ಬ್ಲೀಚನ್ನು ವಿನೆಗರ್, ನಿಂಬೆ ಉಪ್ಪು, ಯಾವ ಆಸಿಡ್ಡಿನ ಜೊತೆಯೂ ಬೆರೆಸಬೇಡಿ. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಡ್ರಮ್ಮಿನೊಳಗೆ ತಲೆ ಬಗ್ಗಿಸಿ ಕೆಲಸ ಮಾಡುವಾಗ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮುಗಿಸಿ, ಚೆನ್ನಾಗಿ ನೀರು ಹಾಕಿ ತೊಳೆದು, ಬೇರೆ ದಿನ ಇನ್ನೊಂದು ಮಾಡಿ. ಕಿಟಕಿ ತೆರೆದಿರಲಿ. ಕಕ್ಕಸು ತೊಳೆಯುವ ಆಸಿಡ್ ಅಂತೂ ಮಷೀನಿನ ಹತ್ತಿರಕ್ಕೂ ತರಬೇಡಿ, ಸ್ಟೀಲ್ ಡ್ರಮ್ಮಿಗೆ ಸಣ್ಣ ಸಣ್ಣ ಗುಳಿ ಬಿದ್ದು ತುಕ್ಕು ಶುರುವಾಗುತ್ತದೆ.

ಅಡುಗೆ ಸೋಡಕ್ಕೆ ವಿನೆಗರ್ ಸುರಿದು ಬುಸುಬುಸು ನೊರೆ ಬರಿಸುವುದು ವೀಡಿಯೊದಲ್ಲಿ ನೋಡುವುದಕ್ಕೆ ಚೆನ್ನ, ಅಲ್ವಾ? ಒಂದು ಕ್ಷಾರ, ಒಂದು ಆಮ್ಲ, ಒಂದನ್ನೊಂದು ತಿಂದುಹಾಕಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಸುಮ್ನೆ ಎರಡೂ ದಂಡ.

ಮತ್ತೆ ಕೂರಿಸುವುದು

ಶಾಫ್ಟಿನ ಹಲ್ಲುಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಸಿಲಿಕಾನ್ ಗ್ರೀಸ್ ಇದ್ದರೆ ತೆಳ್ಳಗೆ ಸವರಿ, ಮುಂದಿನ ಸಲ ತಟ್ಟೆ ಸಲೀಸಾಗಿ ಬರುತ್ತದೆ. ಕೊಬ್ಬರಿ ಎಣ್ಣೆ ಬೇಡ, ನಾಲ್ಕು ದಿನಕ್ಕೆ ಅದೇ ಅಂಟಾಗಿ ಕೊಳೆ ಹಿಡಿಯುತ್ತದೆ.

ತಟ್ಟೆಯನ್ನು ಮೇಲಿಟ್ಟು ಹಲ್ಲಿಗೆ ಹಲ್ಲು ಕೂರುವವರೆಗೆ ಮೆಲ್ಲಗೆ ಆಚೀಚೆ ತಿರುಗಿಸಿ. ಕೂತಾಗ ಒಂದು ಮಟ್ಟ ಕೆಳಗೆ ಇಳಿದದ್ದು ಕೈಗೆ ಗೊತ್ತಾಗುತ್ತದೆ. ಇಳಿಯದೆ ಸ್ಕ್ರೂ ಬಿಗಿಮಾಡಿದರೆ ಪ್ಲಾಸ್ಟಿಕ್ ಹಲ್ಲು ಅಲ್ಲೇ ಜಜ್ಜಿಹೋಗುತ್ತದೆ. ಅಂಚಿನ ಸಂದಿ ಸುತ್ತಲೂ ಒಂದೇ ಸಮ ಇದೆಯಾ ನೋಡಿ. ಸ್ಕ್ರೂವನ್ನು ಮೊದಲ ಸುತ್ತುಗಳಲ್ಲಿ ಬೆರಳಿನಿಂದಲೇ ತಿರುಗಿಸಿ, ಆಮೇಲೆ ಸ್ಕ್ರೂಡ್ರೈವರಿನಲ್ಲಿ ಕೈಬಿಗಿ ಮಾಡಿ. ವಾಷರ್ ಮರೆಯಬೇಡಿ. ಕೈಯಲ್ಲಿ ಎರಡೂ ಕಡೆ ಪೂರ್ತಿ ಸುತ್ತಿಸಿ, ಎಲ್ಲೂ ಉಜ್ಜುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಪ್ಲಗ್ ಹಾಕಿ.

ಮೊದಲ ಓಟ ಬಟ್ಟೆ ಇಲ್ಲದೆ. ನೀರಿನ ಮಟ್ಟ ಅತಿ ಹೆಚ್ಚಿಗೆ ಇಟ್ಟು, ಸಾಧ್ಯವಾದಷ್ಟು ಬಿಸಿನೀರು ಸುರಿದು, 100ರಿಂದ 200 ಗ್ರಾಂ ನಿಂಬೆ ಉಪ್ಪು ಹಾಕಿ. ಸ್ವಲ್ಪ ತಿರುಗಿದ ಮೇಲೆ ನಿಲ್ಲಿಸಿ ಒಂದು ಗಂಟೆ ಬಿಟ್ಟು ಮುಂದುವರಿಸಿ. ಒಳಡ್ರಮ್ಮಿಗೂ ಹೊರತೊಟ್ಟಿಗೂ ನಡುವೆ ಇರುವ ಕೊಳೆ ಈ ನೀರಿನಲ್ಲಿ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ತೇಲಿದ್ದನ್ನು ಟೀ ಸೋಸುವ ಜರಡಿಯಲ್ಲಿ ಎತ್ತಿಹಾಕಿ. ಹಿಂದೆಯೇ ಬರೀ ನೀರಿನಲ್ಲಿ ಇನ್ನೊಂದು ಸಲ ಓಡಿಸಿ. ಆಮೇಲಿನ ಮೊದಲ ಒಗೆತಕ್ಕೆ ನೆಲ ಒರೆಸುವ ಬಟ್ಟೆ, ಕಾಲೊರೆಸು ಹಾಕಿ, ಬಿಳಿ ಅಂಗಿಯನ್ನಲ್ಲ.

ಮತ್ತೆ ಕಟ್ಟದ ಹಾಗೆ

ಲೋಳೆಗೆ ಅನ್ನ ಹಾಕುವುದು ಜಾಸ್ತಿ ಪುಡಿ ಮತ್ತು ತಣ್ಣೀರು. ನೊರೆ ಕಂಡರೆ ಮಾತ್ರ ಬಟ್ಟೆ ಶುದ್ಧ ಅನ್ನುವ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಗಡಸು ನೀರಿನಲ್ಲಿ ನೊರೆ ಬರುವುದೇ ಕಷ್ಟ, ಅದಕ್ಕೆ ಇನ್ನೊಂದು ಹಿಡಿ ಬೀಳುತ್ತದೆ. ಕರಗದ ಪುಡಿ ತಳಕ್ಕೆ ಇಳಿದು ತಟ್ಟೆಯ ಕೆಳಗೆ ಸೇರುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಕಲಸಿ ಸುರಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕಂಡೀಷನರ್ ಪ್ರತಿ ಸಲ ಬೇಕೇಬೇಕು ಅಂತೇನಿಲ್ಲ, ಅದು ಜಿಡ್ಡಿನ ಪದಾರ್ಥವೇ. ಒಗೆದ ಮೇಲೆ ಮುಚ್ಚಳ ತೆರೆದೇ ಇಡಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಆ ಕೋಣೆಯ ಬಾಗಿಲು ಹಾಕಿ. ಡ್ರಮ್ಮಿನ ಪಕ್ಕದ ಜುಂಗಿನ ಚೀಲವನ್ನು ವಾರಕ್ಕೊಮ್ಮೆ ಖಾಲಿ ಮಾಡಿ. ಲಂಗದ ಲಾಡಿ, ಪೈಜಾಮದ ಲಾಡಿ ಗಂಟು ಹಾಕಿಯೇ ಮಷೀನಿಗೆ ಹಾಕಿ.

ಅಮೆರಿಕದಲ್ಲಿ ಇರುವವರಿಗೆ

ಅಲ್ಲಿ ಬಾಡಿಗೆ ಮನೆಗಳಲ್ಲಿ ಸಿಗುವ ಹಳೆಯ ಟಾಪ್ ಲೋಡ್ ಮಷೀನುಗಳಲ್ಲಿ ತಟ್ಟೆಯ ಬದಲು ಡ್ರಮ್ಮಿನ ನಡುವೆ ಉದ್ದನೆಯ ಕಂಬ ಇರುತ್ತದೆ. ಅದು ಅಜಿಟೇಟರ್. ಕೆಲಸದ ದಾರಿ ಇದೇ. ಕಂಬದ ತುದಿಯ ಮುಚ್ಚಳ ತೆಗೆದರೆ ಆಳದಲ್ಲಿ ಬೋಲ್ಟ್ ಕಾಣುತ್ತದೆ, ಅದಕ್ಕೆ ಉದ್ದನೆಯ ಎಕ್ಸ್‌ಟೆನ್ಷನ್ ಇರುವ ಸಾಕೆಟ್ ಬೇಕು. ಹಲವು ಮಾದರಿಗಳಲ್ಲಿ 7/16 ಇಂಚಿನದು ಹೊಂದುತ್ತದೆ. ಕೆಲವು ಮಾದರಿಗಳಲ್ಲಿ ಬೋಲ್ಟೇ ಇಲ್ಲ, ಸೊಂಟದ ಬೆಲ್ಟೋ ಪಟ್ಟಿಯೋ ಸುತ್ತಿ ನೇರ ಮೇಲಕ್ಕೆ ಎಳೆದರೆ ಬರುತ್ತದೆ. ಕಂಬ ಎರಡು ಭಾಗದ್ದಾಗಿದ್ದು, ಕೆಳಭಾಗ ಆಡುತ್ತಿದ್ದರೂ ಮೇಲ್ಭಾಗ ಬಟ್ಟೆಯನ್ನು ಕೆಳಗೆ ತಳ್ಳದೆ ಸುಮ್ಮನೆ ನಿಂತಿದ್ದರೆ ಒಳಗಿನ ಸಣ್ಣ ಪ್ಲಾಸ್ಟಿಕ್ ಹಲ್ಲುಗಳು ಸವೆದಿವೆ. ಮೇಲ್ಭಾಗ ಒಂದೇ ದಿಕ್ಕಿಗೆ ತಿರುಗುವಂತೆ ಮಾಡುವುದು ಅವೇ. ಅಗ್ಗದ ಬಿಡಿಭಾಗ, ಕೈಯಲ್ಲೇ ಬದಲಿಸಬಹುದು. ಬಾಡಿಗೆ ಮನೆಯಾದರೆ ಮಾತ್ರ ಮೊದಲು ಮಾಲೀಕರನ್ನು ಒಂದು ಮಾತು ಕೇಳಿ.

ಇಷ್ಟು ಮಾಡಿದರೂ ಹೋಗದಿದ್ದರೆ

ವಾಸನೆ ಕಡಿಮೆಯಾಗಿ, ಪೂರ್ತಿ ಹೋಗದಿದ್ದರೆ ಕೊಳೆ ಹೊರತೊಟ್ಟಿಯ ಗೋಡೆಯಲ್ಲಿ ದಪ್ಪವಾಗಿ ಕಟ್ಟಿದೆ. ಅದಕ್ಕೆ ಒಳಡ್ರಮ್ಮನ್ನೇ ಎತ್ತಬೇಕು. ಡ್ರಮ್ ಹಿಡಿದಿರುವ ದೊಡ್ಡ ನಟ್ಟಿಗೆ ವಿಶೇಷ ಸ್ಪ್ಯಾನರ್ ಬೇಕು, ಅದು ತುಕ್ಕು ಹಿಡಿದಿದ್ದರೆ ಅನುಭವ ಇದ್ದವರಿಗೂ ಬೆವರಿಳಿಯುತ್ತದೆ. ರಿಪೇರಿಯವರನ್ನು ಕರೆಯುವಾಗ "ಪಲ್ಸೇಟರ್ ತೆಗೆದು ತೊಳೆದಾಗಿದೆ, ಡ್ರಮ್ ತೆಗೆದು ಹೊರತೊಟ್ಟಿ ತೊಳೆಯಬೇಕು" ಅಂತಲೇ ಹೇಳಿ. ಇಲ್ಲದಿದ್ದರೆ ನೀವು ಮಾಡಿದ ಕೆಲಸವನ್ನೇ ಮತ್ತೆ ಮಾಡಿ ದುಡ್ಡು ತೆಗೆದುಕೊಂಡು ಹೋಗುತ್ತಾರೆ.

ಹೊಸ ಪಲ್ಸೇಟರ್ ತರುವುದಾದರೆ ಮಷೀನಿನ ಹಿಂದಿನ ಸ್ಟಿಕರಿನಲ್ಲಿರುವ ಮಾಡೆಲ್ ನಂಬರನ್ನು ಫೋಟೊ ತೆಗೆದುಕೊಳ್ಳಿ. ಹಳೆ ತಟ್ಟೆಯನ್ನೂ ಚೀಲದಲ್ಲಿ ಅಂಗಡಿಗೆ ಒಯ್ಯಿರಿ. ನೋಡುವುದಕ್ಕೆ ಒಂದೇ ಥರ ಇರುವ ಎರಡು ತಟ್ಟೆಗಳಲ್ಲಿ ನಡುವಿನ ಹಲ್ಲಿನ ಲೆಕ್ಕ ಬೇರೆ ಬೇರೆ ಇರುವುದುಂಟು. ಅಂಗಡಿಯಲ್ಲೇ ನಿಂತು ಮೂರು ವಿಷಯ ಹೋಲಿಸಿ: ಹಲ್ಲು ಎಷ್ಟು, ತಟ್ಟೆಯ ಅಗಲ ಎಷ್ಟು, ನಡುವಿನ ಕೊಳವೆಯ ಎತ್ತರ ಎಷ್ಟು. ಕೊಳವೆ ಗಿಡ್ಡವಾದರೆ ತಟ್ಟೆ ಡ್ರಮ್ಮಿನ ತಳಕ್ಕೆ ಉಜ್ಜುತ್ತದೆ. ಎತ್ತರವಾದರೆ ಅಂಚಿನ ಸಂದಿ ದೊಡ್ಡದಾಗಿ ಮತ್ತೆ ಕಾಲುಚೀಲ ಒಳಗೆ ಹೋಗುತ್ತದೆ.